ನಮ್ಮೂರ ಡೇಟಿಂಗ್ ಆಪ್‌ಗೆ 50 ಲಕ್ಷ ಕೊಡುತ್ತಾರಂತೆ. ತೆಗೆದುಕೊಳ್ಳಬೇಕಾ, ಬೇಡ್ವಾ?

ನೀರ್ಚಾಲಿನವ · ಭಾನುವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಜಾರು ಮಾಡಬೇಡಿ.

ನಾನು ಮತ್ತು ನನ್ನ ಗೆಳೆಯ ಸೇರಿ ಒಂದು ಆಪ್ ಮಾಡಿದ್ದೇವೆ. ಎಂಟು ತಿಂಗಳಾಯಿತು. ಹೆಸರು ಹೇಳುವುದಿಲ್ಲ, ಜಾಹೀರಾತು ಅಂದುಕೊಳ್ಳುತ್ತೀರಿ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಗಡಿಯಾಚೆ ಕರ್ನಾಟಕದ ವಿಟ್ಲ, ಪುತ್ತೂರು, ಸುಳ್ಯ. ಈ ಭಾಗದಲ್ಲಿ ಕನ್ನಡ, ತುಳು ಮಾತಾಡುವ, ಮದುವೆಯಾಗದ ಹುಡುಗ ಹುಡುಗಿಯರಿಗೆ ಅಂತ ಮಾಡಿದ್ದು.

ಯಾಕೆ ಮಾಡಿದೆವು ಅಂದರೆ, ಕೋವಿಡ್ ಸಮಯದಲ್ಲಿ ಬೆಂಗಳೂರಿನಿಂದ ಊರಿಗೆ ಬಂದೆ. ಇಲ್ಲೇ ಉಳಿದೆ. ದೊಡ್ಡ ಡೇಟಿಂಗ್ ಆಪ್ ತೆರೆದರೆ ಎಂಟು ಮುಖ ತೋರಿಸಿ, ಹತ್ತಿರ ಬೇರೆ ಯಾರೂ ಇಲ್ಲ ಅನ್ನುತ್ತದೆ. ಮದುವೆ ಸೈಟಿಗೆ ಹೋದರೆ ಮೊದಲು ರಾಜ್ಯ ಕೇಳುತ್ತದೆ. ಕೇರಳ ಅಂತ ಒತ್ತಿದರೆ ಕೋಟ್ಟಯಂ, ತ್ರಿಶೂರಿನವರು ಬರುತ್ತಾರೆ. ಕರ್ನಾಟಕ ಅಂತ ಒತ್ತಿದರೆ ಬೆಂಗಳೂರು, ಹುಬ್ಬಳ್ಳಿ. ಪೆರ್ಲದಿಂದ ವಿಟ್ಲಕ್ಕೆ ಬೈಕಿನಲ್ಲಿ ಮುಕ್ಕಾಲು ಗಂಟೆ ಸಾಕು. ಆದರೆ ಸೈಟಿನಲ್ಲಿ ಅವರು ಬೇರೆ ರಾಜ್ಯದವರು. 1956ರ ನವೆಂಬರ್ 1ರಂದು ಗಡಿ ಎಳೆದವರು ನಮ್ಮ ಮದುವೆ ಬಗ್ಗೆ ಯೋಚಿಸಿರಲಿಲ್ಲ ಅಲ್ವಾ.

ಈಗಿನ ಲೆಕ್ಕ: 2,140 ಜನ ಸೇರಿದ್ದಾರೆ. ಹುಡುಗರು 1,780, ಹುಡುಗಿಯರು 360. ತಿಂಗಳಿಗೆ 199 ರೂಪಾಯಿ ಕೊಡುವವರು 41 ಜನ. ಜಿಎಸ್‌ಟಿ, ಪ್ಲೇ ಸ್ಟೋರಿನ ಪಾಲು ಹೋಗಿ ಕೈಗೆ ಸಿಗುವುದು ಆರು ಸಾವಿರಕ್ಕೂ ಸ್ವಲ್ಪ ಕಡಿಮೆ. ಸರ್ವರ್ ಬಾಡಿಗೆಗೇ ನಾಲ್ಕೂವರೆ ಸಾವಿರ ಹೋಗುತ್ತದೆ.

ಹೋದ ವಾರ ಬೆಂಗಳೂರಿನ ಒಬ್ಬ ಹೂಡಿಕೆದಾರರು ಫೋನ್ ಮಾಡಿದರು. 50 ಲಕ್ಷ ಕೊಡುತ್ತಾರಂತೆ, 20 ಪರ್ಸೆಂಟ್ ಪಾಲಿಗೆ. ಷರತ್ತುಗಳೂ ಉಂಟು. ಒಂದೂವರೆ ವರ್ಷದಲ್ಲಿ 5 ಲಕ್ಷ ಬಳಕೆದಾರರು ಆಗಬೇಕು. ಇಡೀ ಕರ್ನಾಟಕಕ್ಕೆ ಹರಡಬೇಕು. ಆಫೀಸು ಬೆಂಗಳೂರಿಗೆ ಬರಬೇಕು.

ಅಪ್ಪ ಹೇಳುವುದು, "50 ಲಕ್ಷಕ್ಕೆ ಎಷ್ಟು ಕ್ವಿಂಟಾಲ್ ಅಡಿಕೆ ಆಗ್ತದೆ ಗೊತ್ತುಂಟಾ? ಸುಮ್ನೆ ತಗೋ" ಅಂತ. ನನಗೆ ನಿದ್ದೆ ಬರುತ್ತಿಲ್ಲ. ಏನು ಹೇಳುತ್ತೀರಿ?

ತಲಪಾಡಿ ದಾಟಿ · ಭಾನುವಾರ, ರಾತ್ರಿ 10:04

360 ಹುಡುಗಿಯರಲ್ಲಿ ನಿಜವಾದವರು ಎಷ್ಟು ಮಾರಾಯ್ರೆ? 😄

ನೀರ್ಚಾಲಿನವ · ಭಾನುವಾರ, ರಾತ್ರಿ 10:11

ಒಬ್ಬೊಬ್ಬರ ಸೆಲ್ಫಿಯನ್ನೂ ನಾವಿಬ್ಬರೇ ಕೂತು ನೋಡಿದ್ದೇವೆ. ನಕಲಿ ಅನ್ನಿಸಿದ ನೂರಕ್ಕೂ ಹೆಚ್ಚು ಖಾತೆ ತೆಗೆದಿದ್ದೇವೆ. ಅದರಲ್ಲಿ ಹೆಚ್ಚಿನವು ಹುಡುಗರೇ ಹುಡುಗಿ ಹೆಸರಲ್ಲಿ ಮಾಡಿದ್ದು.

ಮೂರು ಎಕರೆ ತೋಟ · ಭಾನುವಾರ, ರಾತ್ರಿ 10:40

1,780ರಲ್ಲಿ ನಾನೂ ಒಬ್ಬ. 34 ವರ್ಷ, ಅಡಿಕೆ, ಕರಿಮೆಣಸು, ಸ್ವಲ್ಪ ರಬ್ಬರ್. ಐದು ತಿಂಗಳಲ್ಲಿ ಎರಡು ಮಾತುಕತೆ ಆಯಿತು. ಒಂದು ಕೆಲಸ ಕೇಳುವಲ್ಲಿಗೆ ನಿಂತಿತು. ಇನ್ನೊಂದು ಮೂರು ವಾರ ನಡೆಯಿತು, ಚೆನ್ನಾಗಿತ್ತು. ಕೊನೆಗೆ "ಮಂಗಳೂರಿಗೆ ಬರ್ತೀರಾ?" ಅಂತ ಬಂತು. ತೋಟ ಯಾರು ನೋಡುವುದು?

ಆದರೂ ಒಂದು ಮಾತು ಹೇಳುತ್ತೇನೆ. ಈ ಆಪ್‌ನಲ್ಲಿ "ತೋಟ" ಅಂದರೆ ವಿವರಿಸಬೇಕಾಗಿಲ್ಲ. ದೊಡ್ಡ ಆಪ್‌ನಲ್ಲಿ ಒಬ್ಬಳು "ಗಾರ್ಡನಿಂಗ್ ಹಾಬಿಯಾ?" ಅಂತ ಕೇಳಿದ್ದಳು.

ಮಂಡ್ಯದ ಕಡೆಯ ಹುಡುಗರು 2023ರಲ್ಲಿ ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಚಂದ್ರಗಿರಿ ತೀರ · ಸೋಮವಾರ, ಬೆಳಿಗ್ಗೆ 6:55

ಊರು ಚೆರ್ಕಳದ ಹತ್ತಿರ. ಹತ್ತು ವರ್ಷದಿಂದ ಬೆಂಗಳೂರಿನಲ್ಲಿ ಸ್ಟಾರ್ಟಪ್‌ಗಳಲ್ಲೇ ಕೆಲಸ. ಎರಡು ಕಂಪನಿ ಮುಳುಗುವುದನ್ನು ಒಳಗಿನಿಂದಲೇ ನೋಡಿದ್ದೇನೆ. ಹಾಗಾಗಿ ಸ್ವಲ್ಪ ಕಹಿಯಾಗಿ ಬರೆದರೆ ಕ್ಷಮಿಸಿ.

ಮೊದಲು ಆ 5 ಲಕ್ಷ ನೋಡೋಣ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯಲ್ಲಿ 13 ಲಕ್ಷ ಜನ. ಕನ್ನಡ ಮಾತೃಭಾಷೆ ಅಂತ ಬರೆಸಿದವರು ನೂರಕ್ಕೆ ನಾಲ್ಕರ ಆಸುಪಾಸು. ಅಂದರೆ ಐವತ್ತು ಚಿಲ್ಲರೆ ಸಾವಿರ. ತುಳುವಿನವರು ಅದರ ಎರಡರಷ್ಟು. ಎರಡೂ ಸೇರಿಸಿ, ಮಕ್ಕಳು, ಮುದುಕರು, ಮದುವೆಯಾದವರನ್ನು ಕಳೆಯಿರಿ. ಹತ್ತರಲ್ಲಿ ಒಬ್ಬರು ಉಳಿದರೂ ಹದಿನೈದು, ಹದಿನಾರು ಸಾವಿರ. ಪುತ್ತೂರು, ಸುಳ್ಯ, ಬಂಟ್ವಾಳ ಸೇರಿಸಿದರೆ ಇನ್ನಷ್ಟು ಬರುತ್ತಾರೆ, ಒಪ್ಪಿದೆ. ಆದರೆ ಇಲ್ಲಿನ ಮದುವೆಯಾಗದವರನ್ನೆಲ್ಲ ಎಳೆದು ತಂದು ಕೂರಿಸಿದರೂ 5 ಲಕ್ಷ ಆಗುವುದಿಲ್ಲ. ಆ ಹೂಡಿಕೆದಾರರಿಗೂ ಇದು ಗೊತ್ತು. ಅವರು ಕೊಳ್ಳಲು ಬಂದಿರುವುದು ನಿಮ್ಮ ಆಪ್ ಅಲ್ಲ. ನಿಮ್ಮನ್ನು ಇಟ್ಟುಕೊಂಡು ಬೇರೊಂದು ಆಪ್ ಮಾಡಿಸಲು ಬಂದಿದ್ದಾರೆ.

ಅವರಿಗೆ ಈ ಆಸೆ ಎಲ್ಲಿಂದ ಬಂತು ಅಂತಲೂ ಊಹಿಸಬಹುದು. ಬೆಂಗಳೂರಿನ ಐಲ್ ಅನ್ನುವ ಆಪ್ 2014ರಲ್ಲಿ ಶುರುವಾದದ್ದು. ಆಮೇಲೆ ಒಂದೊಂದು ಭಾಷೆಗೂ ಬೇರೆ ಆಪ್ ತಂದರು. ಮಲಯಾಳಕ್ಕೆ ಅರಿಕೆ, ತಮಿಳಿಗೆ ಅನ್ಬೆ, ತೆಲುಗಿಗೆ ನೀತೋ, ಕನ್ನಡಕ್ಕೆ ನೀನೇ. 2022ರಲ್ಲಿ ಇನ್ಫೋ ಎಡ್ಜ್ ಅದರ 76 ಪರ್ಸೆಂಟನ್ನು ಸುಮಾರು 91 ಕೋಟಿಗೆ ತೆಗೆದುಕೊಂಡಿತು. ಜೀವನ್‌ಸಾಥಿ ಅನ್ನುವ ಮದುವೆ ಸೈಟಿನ ಮಾಲೀಕರೂ ಅವರೇ. ಅದಾದ ಮೇಲೆ "ಭಾಷೆಯ ಡೇಟಿಂಗ್ ಆಪ್" ಅಂದರೆ ಕೆಲವರ ಕಿವಿ ನೆಟ್ಟಗಾಗುತ್ತದೆ.

ಅಂದರೆ ಇಡೀ ಕರ್ನಾಟಕಕ್ಕೆ ಹೋದರೆ ನಿಮ್ಮ ಎದುರಿಗೆ ಆಗಲೇ ಒಂದು ಕನ್ನಡ ಆಪ್ ನಿಂತಿದೆ. ಅದರ ಹಿಂದೆ ಷೇರುಪೇಟೆಯ ಕಂಪನಿ ಇದೆ. ನಿಮ್ಮ ಹಿಂದೆ 50 ಲಕ್ಷ. ಬೆಂಗಳೂರಿನಲ್ಲಿ ಜಾಹೀರಾತಿಗೆ ಸುರಿದರೆ ಅದು ಒಂದು ಮಳೆಗಾಲ ಕೂಡ ಬಾಳುವುದಿಲ್ಲ.

ಲೆಕ್ಕದ ಪುಸ್ತಕ · ಸೋಮವಾರ, ಬೆಳಿಗ್ಗೆ 9:20

ಕಂಪನಿ ಕಾಗದಪತ್ರದ ಕೆಲಸ ಮಾಡುವವಳು ನಾನು. 20 ಪರ್ಸೆಂಟ್ ಅನ್ನುವುದನ್ನು ಮಾತ್ರ ನೋಡಬೇಡಿ. ಟರ್ಮ್ ಶೀಟ್‌ನಲ್ಲಿ, ಅಂದರೆ ಹೂಡಿಕೆಯ ಷರತ್ತು ಬರೆದ ಕಾಗದದಲ್ಲಿ, "ಲಿಕ್ವಿಡೇಷನ್ ಪ್ರಿಫರೆನ್ಸ್" ಅಂತ ಒಂದು ಕಲಮು ಇರುತ್ತದೆ. ಕಂಪನಿ ಮಾರಿದರೆ ದುಡ್ಡು ಮೊದಲು ಯಾರಿಗೆ ಅನ್ನುವುದು. ಅದರಲ್ಲಿ ಏನಿದೆ? ನೌಕರರಿಗೆ ಅಂತ ಶೇರು ತೆಗೆದಿಡಲು ಹೇಳಿದ್ದಾರಾ? ಎಷ್ಟು?

ನೀರ್ಚಾಲಿನವ · ಸೋಮವಾರ, ಬೆಳಿಗ್ಗೆ 9:48

ಈಗ ತೆರೆದು ನೋಡಿದೆ ಅಕ್ಕ. "1 ಎಕ್ಸ್, ಪಾರ್ಟಿಸಿಪೇಟಿಂಗ್" ಅಂತ ಇದೆ. ನೌಕರರಿಗೆ 10 ಪರ್ಸೆಂಟ್, ಅದು ನಮ್ಮ ಪಾಲಿನಿಂದ. ನಿಜ ಹೇಳಬೇಕೆಂದರೆ ಆ ಪುಟ ನಾನು ಓದಿರಲೇ ಇಲ್ಲ.

ಲೆಕ್ಕದ ಪುಸ್ತಕ · ಸೋಮವಾರ, ಮಧ್ಯಾಹ್ನ 1:15

ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ನಿಧಾನ ಓದಿ.

20 ಪರ್ಸೆಂಟಿಗೆ 50 ಲಕ್ಷ ಅಂದರೆ, ದುಡ್ಡು ಬಂದ ಮೇಲೆ ಕಂಪನಿಯ ಬೆಲೆ ಎರಡೂವರೆ ಕೋಟಿ ಅಂತ ಅವರು ಒಪ್ಪಿದ ಹಾಗೆ. ಕೇಳಲು ಚಂದ. ಅವರಿಗೆ 20, ನೌಕರರಿಗೆ 10 ಹೋದರೆ ನಿಮಗಿಬ್ಬರಿಗೆ ಉಳಿಯುವುದು 70. ತಲಾ 35.

ಇನ್ನು ಎರಡು ವರ್ಷ ಬಿಟ್ಟು ಆಪ್ ಅಷ್ಟೇನೂ ಓಡಲಿಲ್ಲ, ಯಾರೋ 70 ಲಕ್ಷಕ್ಕೆ ಕೇಳಿದರು ಅಂತ ಇಟ್ಟುಕೊಳ್ಳಿ. 70 ಲಕ್ಷದಲ್ಲಿ 20 ಪರ್ಸೆಂಟ್ 14 ಲಕ್ಷ ಅವರಿಗೆ, ಉಳಿದದ್ದು ನಮಗೆ ಅಂತ ನೀವು ಲೆಕ್ಕ ಹಾಕುತ್ತೀರಿ. ಹಾಗಲ್ಲ. "1 ಎಕ್ಸ್" ಅಂದರೆ ಅವರು ಹಾಕಿದಷ್ಟನ್ನು, ಆ 50 ಲಕ್ಷವನ್ನು, ಮೊದಲು ಎತ್ತಿಕೊಳ್ಳುತ್ತಾರೆ. ಉಳಿದದ್ದು 20. "ಪಾರ್ಟಿಸಿಪೇಟಿಂಗ್" ಇರುವುದರಿಂದ ಆ 20ರಲ್ಲೂ ಐದರಲ್ಲಿ ಒಂದು ಪಾಲು, 4 ಲಕ್ಷ, ಅವರದ್ದು. ಒಟ್ಟು 54 ಅವರಿಗೆ. 16 ಲಕ್ಷ ನಿಮಗೂ, ನೌಕರರಿಗೂ. ನೌಕರರು ಯಾರೂ ಇಲ್ಲದಿದ್ದರೆ ತಲಾ 8 ಲಕ್ಷ. ಎರಡು ವರ್ಷದ ಸಂಬಳ ಅಂತ ನೋಡಿದರೆ ಊರಿನ ಖಾಸಗಿ ಶಾಲೆಯ ಮೇಷ್ಟ್ರ ಹಾಗೆ.

ಅವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ದುಡ್ಡು ಹಾಕುವವರು ತಮ್ಮ ದುಡ್ಡು ಮೊದಲು ಬರಲಿ ಅನ್ನುವುದು ಸಹಜ. ಆದರೆ "ಪಾರ್ಟಿಸಿಪೇಟಿಂಗ್" ತೆಗೆಯಿರಿ ಅಂತ ಕೇಳಬಹುದು. ಕೇಳಿದರೆ ಬಹಳ ಜನ ತೆಗೆಯುತ್ತಾರೆ. ಕೇಳುವವರು ಕಡಿಮೆ.

ತಲಪಾಡಿ ದಾಟಿ · ಸೋಮವಾರ, ಮಧ್ಯಾಹ್ನ 1:32

ಚೇಣಿಗೆ ತೋಟ ಕೊಟ್ಟ ಹಾಗಾಯಿತು. ತೋಟ ನಮ್ಮದೇ, ಅಡಿಕೆ ಮಾತ್ರ ಅವರದ್ದು.

ಮೂರು ಎಕರೆ ತೋಟ · ಸೋಮವಾರ, ಮಧ್ಯಾಹ್ನ 2:05

ಚೇಣಿಯವನಾದರೂ ಔಷಧಿ ಬಿಡಿಸುತ್ತಾನೆ.

ನನ್ನದೊಂದು ಐಡಿಯಾ. ನಮ್ಮ ದೇವಸ್ಥಾನದ ಬ್ರಹ್ಮಕಲಶಕ್ಕೆ ಊರವರಿಂದಲೇ ಎಷ್ಟು ದೊಡ್ಡ ಮೊತ್ತ ಎತ್ತಿದೆವು ಅಂದರೆ ನೀವು ನಂಬುವುದಿಲ್ಲ. ಇದಕ್ಕೂ ಐದೈದು ಸಾವಿರದಂತೆ ಸಾವಿರ ಜನರಿಂದ ತೆಗೆದುಕೊಂಡರೆ 50 ಲಕ್ಷ. ಬೆಂಗಳೂರಿನವರ ಹಂಗೇ ಬೇಡ. ಅಡಿಕೆಗೆ ಬೆಲೆ ಬಿದ್ದಾಗ 1973ರಲ್ಲಿ ಬೆಳೆಗಾರರೇ ಸೇರಿ ಕ್ಯಾಂಪ್ಕೊ ಕಟ್ಟಲಿಲ್ಲವಾ?

ಲೆಕ್ಕದ ಪುಸ್ತಕ · ಸೋಮವಾರ, ಸಂಜೆ 5:50

ಅಣ್ಣ, ಆಸೆ ಒಳ್ಳೆಯದು. ಆದರೆ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಸದಸ್ಯರು 200 ದಾಟುವ ಹಾಗಿಲ್ಲ. ಸಾರ್ವಜನಿಕರಲ್ಲಿ "ಶೇರು ಕೊಡ್ತೇವೆ, ದುಡ್ಡು ಹಾಕಿ" ಅಂತ ಕರೆ ಕೊಡುವ ಹಾಗೂ ಇಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ಇದಕ್ಕೆ ದಂಡ ಉಂಟು. ಬ್ರಹ್ಮಕಲಶದ ರಶೀದಿಗೆ ಯಾರೂ ವಾಪಸ್ ಕೇಳುವುದಿಲ್ಲ. ಶೇರಿಗೆ ಕೇಳುತ್ತಾರೆ, ಅದೂ ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಕೇಳುತ್ತಾರೆ.

ಹಾಗೆ ಬೇಕಿದ್ದರೆ ಕನ್ವರ್ಟಿಬಲ್ ನೋಟ್ ಅಂತ ಒಂದು ದಾರಿ ಉಂಟು. ಈಗ ಸಾಲದ ಹಾಗೆ ಕೊಡುವುದು, ಮುಂದೆ ದೊಡ್ಡ ಹೂಡಿಕೆ ಬಂದಾಗ ಶೇರಾಗಿ ಬದಲಾಗುವುದು. ಕಂಪನಿಯ ಬೆಲೆ ಎಷ್ಟು ಅಂತ ಇವತ್ತೇ ಜಗಳ ಆಡಬೇಕಾಗಿಲ್ಲ. ಆದರೆ ಒಬ್ಬರಿಂದ ಒಂದೇ ಕಂತಿನಲ್ಲಿ 25 ಲಕ್ಷಕ್ಕೆ ಕಡಿಮೆ ತೆಗೆದುಕೊಳ್ಳುವಂತಿಲ್ಲ. ಸ್ಟಾರ್ಟಪ್ ಅಂತ ಸರ್ಕಾರದ ಮಾನ್ಯತೆ ಇರಬೇಕು. ಅದು ಮಾಡಿಸಿದ್ದೀರಾ?

ಇನ್ನೊಂದು, ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್. 2021ರಲ್ಲಿ 945 ಕೋಟಿಯ ಯೋಜನೆಯಾಗಿ ಬಂದದ್ದು. ಆಪ್ ರೂಪಿಸುವ ಹಂತಕ್ಕೆ 20 ಲಕ್ಷದವರೆಗೆ ಅನುದಾನ ಅಂತ ಇತ್ತು, ಈಗಲೂ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಮೊದಲು ವಿಚಾರಿಸಿ. ಪಾಲು ಕೊಡಬೇಕಾಗಿಲ್ಲ. ಇನ್‌ಕ್ಯುಬೇಟರ್, ಅಂದರೆ ಹೊಸ ಕಂಪನಿಗಳನ್ನು ಬೆಳೆಸುವ ಸಂಸ್ಥೆಯ ಮೂಲಕ ಹೋಗಬೇಕು, ಕಂಪನಿ ತುಂಬಾ ಹಳೆಯದಾಗಿರಬಾರದು. ಕೇರಳ ಸ್ಟಾರ್ಟಪ್ ಮಿಷನ್‌ನಲ್ಲೂ ಕೇಳಿ ನೋಡಿ. ಎದುರಿಗೆ ಕೂತವರಿಗೆ "ಡೇಟಿಂಗ್" ಅಂದ ಕೂಡಲೇ ಮುಖ ಹೇಗಾಗುತ್ತದೋ, ಅದು ನಿಮ್ಮ ಅದೃಷ್ಟ.

ಸಂಬಂಧ ಕೂಡಿಸುವವ · ಸೋಮವಾರ, ರಾತ್ರಿ 8:30

ಮೊಮ್ಮಗನ ಕೈಯಲ್ಲಿ ಟೈಪ್ ಮಾಡಿಸುತ್ತಿದ್ದೇನೆ. ತಪ್ಪಿದ್ದರೆ ಅವನದ್ದು.

ನಾನು 22 ವರ್ಷದಿಂದ ಈ ಕಡೆ ಸಂಬಂಧ ಕೂಡಿಸುವ ಕೆಲಸ ಮಾಡುತ್ತೇನೆ. ದಲ್ಲಾಳಿ ಅನ್ನಿ, ಬ್ರೋಕರ್ ಅನ್ನಿ, ಬೇಜಾರಿಲ್ಲ. ಈಗ ಹುಡುಗಿಯ ಮನೆಯವರು ಕೇಳುವುದು ಹೀಗೆ: ಹುಡುಗನಿಗೆ ತೋಟ ಇರಬೇಕು, ಆದರೆ ತೋಟದಲ್ಲಿ ಕೆಲಸ ಮಾಡುವ ಹುಡುಗ ಬೇಡ. ಇದಕ್ಕೆ ಯಾವ ಆಪ್‌ನಲ್ಲಿ ಏನು ಮಾಡುತ್ತೀರಿ ಹೇಳಿ.

ನನ್ನ ಪ್ರಶ್ನೆ ಬೇರೆ. ನನಗೆ ಮದುವೆ ಆದರೆ ಮಾತ್ರ ದುಡ್ಡು. ಆಗದಿದ್ದರೆ ಬಸ್ಸಿನ ಖರ್ಚೂ ಕೈಯಿಂದ. ನಿಮ್ಮದು ತಿಂಗಳಿಗೆ 199. ಹುಡುಗನಿಗೆ ಬೇಗ ಹುಡುಗಿ ಸಿಕ್ಕಿದರೆ ನಿಮಗೆ ನಷ್ಟ. ಸಿಗದಿದ್ದರೆ ಲಾಭ. ಇದೆಂತ ವ್ಯಾಪಾರ?

ಚಂದ್ರಗಿರಿ ತೀರ · ಸೋಮವಾರ, ರಾತ್ರಿ 9:15

ಅಜ್ಜ, ಅಮೆರಿಕದ ಕೋರ್ಟಿನಲ್ಲೂ ಹೆಚ್ಚು ಕಡಿಮೆ ಇದನ್ನೇ ಕೇಳಿದ್ದಾರೆ. ಟಿಂಡರ್, ಹಿಂಜ್ ಎರಡರ ಮಾಲೀಕ ಮ್ಯಾಚ್ ಗ್ರೂಪ್. ಜನರು ಆಪ್ ಬಿಡದ ಹಾಗೆ, ಚಟ ಹಿಡಿಯುವ ಹಾಗೆ ಅದನ್ನು ಮಾಡಿದ್ದಾರೆ ಅಂತ 2024ರ ಪ್ರೇಮಿಗಳ ದಿನದಂದೇ ಅವರ ಮೇಲೆ ಕೇಸು ಬಿತ್ತು. ತಮಾಷೆ ಅಂದರೆ ಹಿಂಜ್‌ನ ಜಾಹೀರಾತು "ಡಿಲೀಟ್ ಮಾಡಲೆಂದೇ ಮಾಡಿದ ಆಪ್" ಅಂತ.

ಷೇರುಪೇಟೆಯೂ ಅಷ್ಟೇ. ಬಂಬಲ್ ಅನ್ನುವ ಡೇಟಿಂಗ್ ಆಪ್ 2021ರ ಫೆಬ್ರವರಿಯಲ್ಲಿ ಶೇರಿಗೆ 43 ಡಾಲರ್‌ನಂತೆ ಪೇಟೆಗೆ ಬಂತು. ಮೊದಲ ದಿನವೇ 70 ದಾಟಿತು. 2024ರಲ್ಲಿ 10 ಡಾಲರಿಗಿಂತ ಕೆಳಗೆ. ಜನ ಸ್ವೈಪ್ ಮಾಡಿ ಸುಸ್ತಾದರು.

ಇನ್ನೊಂದು ಕಥೆ ಹೇಳುತ್ತೇನೆ. ಕಾಫಿ ಮೀಟ್ಸ್ ಬೇಗಲ್ ಅಂತ ಮೂವರು ಅಕ್ಕತಂಗಿಯರು ಮಾಡಿದ ಆಪ್. 2015ರಲ್ಲಿ ಅಮೆರಿಕದ ಶಾರ್ಕ್ ಟ್ಯಾಂಕ್‌ಗೆ, ಹೂಡಿಕೆದಾರರ ಎದುರು ದುಡ್ಡು ಕೇಳುವ ಟಿವಿ ಶೋಗೆ, ಹೋದರು. 5 ಪರ್ಸೆಂಟಿಗೆ 5 ಲಕ್ಷ ಡಾಲರ್ ಕೇಳಿದರು. ಅಲ್ಲಿದ್ದ ಹೂಡಿಕೆದಾರ ಮಾರ್ಕ್ ಕ್ಯೂಬನ್ "ಇಡೀ ಕಂಪನಿಗೆ 3 ಕೋಟಿ ಡಾಲರ್ ಕೊಟ್ಟರೆ ಮಾರುತ್ತೀರಾ?" ಅಂತ ಕೇಳಿದ. ಇಲ್ಲ ಅಂದರು. ಅವತ್ತು ಜನ ಅವರನ್ನು ಬೈದದ್ದೇ ಬೈದದ್ದು. ನನಗೆ ಈಗಲೂ ಗೊತ್ತಾಗದ್ದು ಒಂದೇ, ಅವರು ಆವತ್ತು ರಾತ್ರಿ ಹೇಗೆ ನಿದ್ದೆ ಮಾಡಿದರು ಅಂತ.

ಸಣ್ಣದಾಗಿಯೇ ಉಳಿದು ಬದುಕಿದವರೂ ಇದ್ದಾರೆ. ರೈತರಿಗೆ ಅಂತಲೇ ಫಾರ್ಮರ್ಸ್ ಓನ್ಲಿ ಅನ್ನುವ ಸೈಟು 2005ರಿಂದ ಅಮೆರಿಕದಲ್ಲಿ ನಡೆಯುತ್ತಿದೆ. ಮೂರು ಎಕರೆಯವರೇ, ನಿಮ್ಮ ಜಾತಿಯವರು ಅಲ್ಲೂ ಇದ್ದಾರೆ.

ಉಪ್ಪಳ ಪೇಟೆ · ಸೋಮವಾರ, ರಾತ್ರಿ 10:02

"ಜಾತಿ" ಅಂದ ಕೂಡಲೇ ನೆನಪಾಯಿತು. ಆಪ್‌ನಲ್ಲಿ ಜಾತಿ ಫಿಲ್ಟರ್ ಉಂಟಾ?

ನೀರ್ಚಾಲಿನವ · ಸೋಮವಾರ, ರಾತ್ರಿ 10:20

ಇಲ್ಲ. ಬರುವ ಅಭಿಪ್ರಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಅದನ್ನೇ ಕೇಳುತ್ತದೆ. ಹೂಡಿಕೆದಾರರೂ ಹಾಕಿ ಅಂದರು. ಮದುವೆ ಸೈಟುಗಳು ನೂರಾರು ಜಾತಿಗೆ ಒಂದೊಂದು ಸೈಟು ಮಾಡಿ ಬೆಳೆದದ್ದು, ದುಡ್ಡು ಅಲ್ಲೇ ಇರುವುದು ಅಂತ ಅವರ ವಾದ. ನಾವು ಹಾಕಿಲ್ಲ.

ಸಂಬಂಧ ಕೂಡಿಸುವವ · ಮಂಗಳವಾರ, ಬೆಳಿಗ್ಗೆ 7:10

ಜಾತಿ ಬಿಡಿ. ಗೋತ್ರ ಬೇಡವಾ? ತುಳುವರಲ್ಲಿ ಬರಿ, ಅಂದರೆ ಕುಲ, ನೋಡಬೇಡವಾ? ಒಂದೇ ಬರಿಯವರು ಅಣ್ಣ ತಂಗಿ ಲೆಕ್ಕ. ಮೂರು ತಿಂಗಳು ಮಾತಾಡಿ, ಪ್ರೀತಿ ಆಗಿ, ಆಮೇಲೆ ಬರಿ ಒಂದೇ ಅಂತ ಗೊತ್ತಾದರೆ ಹೊಣೆ ಯಾರು?

ತಲಪಾಡಿ ದಾಟಿ · ಮಂಗಳವಾರ, ಬೆಳಿಗ್ಗೆ 7:25

ಅಜ್ಜ ಬೀಟಾ ಟೆಸ್ಟಿಂಗ್‌ಗೆ ಸಿದ್ಧರಾಗಿದ್ದಾರೆ.

ಉಪ್ಪಳ ಪೇಟೆ · ಮಂಗಳವಾರ, ಬೆಳಿಗ್ಗೆ 8:40

ನಮ್ಮಲ್ಲಿ ಮಜ್ ಅನ್ನುವ ಆಪ್ ನೋಡಿದ್ದೇನೆ, ಮುಸ್ಲಿಮರಿಗೆ ಅಂತ ಬ್ರಿಟನ್ನಿನವರು ಮಾಡಿದ್ದು. ಮೊದಲು ಮಜ್‌ಮ್ಯಾಚ್ ಅಂತ ಹೆಸರಿತ್ತು. ಮ್ಯಾಚ್ ಗ್ರೂಪ್ ಹೆಸರಿನ ವಿಷಯಕ್ಕೆ ಕೋರ್ಟಿಗೆ ಹೋಗಿ ಗೆದ್ದಿತು, 2022ರಲ್ಲಿ ಹೆಸರು ಬದಲಾಯಿಸಿದರು. ಅದರಲ್ಲಿ ಫೋಟೋ ಮಸುಕಾಗಿಯೇ ಇಡಬಹುದು, ನಾವು ಒಪ್ಪಿದವರಿಗೆ ಮಾತ್ರ ಕಾಣುತ್ತದೆ. ಬೇಕಾದರೆ ಮನೆಯವರೊಬ್ಬರು ಮಾತುಕತೆ ನೋಡುವ ವ್ಯವಸ್ಥೆಯೂ ಉಂಟು. ಅದು ನನಗೆ ಇಷ್ಟವಿಲ್ಲ. ಆದರೆ ನನ್ನ ಅಕ್ಕ ಆ ಒಂದು ಕಾರಣಕ್ಕೇ ಸೇರಿದ್ದು, ಅಮ್ಮ ಬಿಟ್ಟದ್ದೂ ಅದೇ ಕಾರಣಕ್ಕೆ.

ಬಳಸುವವರ ಹೆದರಿಕೆ ಏನು ಅಂತ ಅವರಿಗೆ ಗೊತ್ತಿತ್ತು. ನಿಮ್ಮ 360 ಜನರ ಹೆದರಿಕೆ ಏನು ಅಂತ ನಿಮಗೆ ಗೊತ್ತುಂಟಾ?

ಹಲಸಿನ ಹಪ್ಪಳ · ಮಂಗಳವಾರ, ರಾತ್ರಿ 11:35

ನಿನ್ನೆಯಿಂದ ಓದುತ್ತಿದ್ದೇನೆ. ಬರೆಯುವುದೋ ಬೇಡವೋ ಅಂತ ಇದ್ದೆ.

ನಾನು ಆ 360ರಲ್ಲಿ ಇದ್ದವಳು. ಈಗ ಇಲ್ಲ. ಸೇರಿದ ಒಂಬತ್ತನೇ ದಿನ ನನ್ನ ಪ್ರೊಫೈಲಿನ ಸ್ಕ್ರೀನ್‌ಶಾಟ್ ನನ್ನ ಸೋದರಮಾವನ ವಾಟ್ಸಾಪ್‌ಗೆ ಬಂತು. ಕಳಿಸಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಮಾವ ಅಮ್ಮನಿಗೆ ಕಳಿಸಿದರು. ಅಮ್ಮ ಏನೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಬಡಿಸಿ ಫೋನ್ ನನ್ನ ತಟ್ಟೆಯ ಪಕ್ಕ ಇಟ್ಟರು, ಅಷ್ಟೇ.

ನಾನು ಕೆಟ್ಟದ್ದೇನೂ ಬರೆದಿರಲಿಲ್ಲ. "ಯಕ್ಷಗಾನ ಇಷ್ಟ, ರಾತ್ರಿ ಪೂರ್ತಿ ಕೂರಬಲ್ಲೆ" ಅಂತ ಬರೆದಿದ್ದೆ. ಮಾವ ಅದನ್ನೇ ಹಿಡಿದುಕೊಂಡರು. ರಾತ್ರಿ ಪೂರ್ತಿ ಅಂದರೆ ಏನು ಅಂತ.

ಬೆಂಗಳೂರಿನಲ್ಲಿ ಯಾರಾದರೂ ನನ್ನ ಫೋಟೋ ನೋಡಿದರೆ ಎಡಕ್ಕೆ ತಳ್ಳಿ ಮರೆಯುತ್ತಾರೆ. ಬದಿಯಡ್ಕದಲ್ಲಿ ನೋಡಿದವರು ನಾಳೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. ನೀವೆಲ್ಲ "ಸಣ್ಣ ಊರು, ಗುರುತಿನವರು, ಅದೇ ಚಂದ" ಅಂತ ಬರೆಯುತ್ತಿದ್ದೀರಿ. ಹುಡುಗರಿಗೆ ಚಂದ. ನಮಗೆ ಅದೇ ಕಷ್ಟ.

ನೀರ್ಚಾಲಿನವರೇ, ನಾನು ಆವತ್ತು ನಿಮ್ಮ ಆಪ್‌ಗೆ ದೂರು ಬರೆದಿದ್ದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಅಂತ.

ನೀರ್ಚಾಲಿನವ · ಬುಧವಾರ, ಬೆಳಿಗ್ಗೆ 5:58

ಆ ಉತ್ತರ ಬರೆದವನು ನಾನೇ. ನಕಲು ಮಾಡಿಟ್ಟ ಉತ್ತರ ಅದು. ಕ್ಷಮಿಸಿ.

ಹುಡುಕಿ ನೋಡಿದೆ. ಸ್ಕ್ರೀನ್‌ಶಾಟ್ ಬಗ್ಗೆ ಹನ್ನೊಂದು ದೂರು ಬಂದಿವೆ. ಹನ್ನೊಂದೂ ಹುಡುಗಿಯರದ್ದು. ಎಲ್ಲರೂ ಬಿಟ್ಟು ಹೋಗಿದ್ದಾರೆ. ನಾವು ಅದನ್ನು "ಸಪೋರ್ಟ್" ಅನ್ನುವ ಫೋಲ್ಡರಿನಲ್ಲಿ ಇಟ್ಟಿದ್ದೆವು. ಹೂಡಿಕೆದಾರರಿಗೆ ತೋರಿಸಿದ ಪ್ರೆಸೆಂಟೇಷನ್‌ನಲ್ಲಿ ಅದರ ಸುದ್ದಿಯೇ ಇಲ್ಲ.

ಚಂದ್ರಗಿರಿ ತೀರ · ಬುಧವಾರ, ಬೆಳಿಗ್ಗೆ 7:30

ಹಾಗಾದರೆ ಮೂರು ದಿನದಿಂದ ನಾವು ತಪ್ಪು ಲೆಕ್ಕ ಮಾಡುತ್ತಿದ್ದೆವು. 2,140 ಬಿಡಿ, 360 ಬಿಡಿ. ನೋಡಬೇಕಾದದ್ದು ಹುಡುಗಿಯರಲ್ಲಿ ಎಷ್ಟು ಜನ ಎರಡನೇ ತಿಂಗಳಿಗೂ ಉಳಿದರು ಅಂತ. ಅದು ಸರಿ ಇಲ್ಲದಿದ್ದರೆ 50 ಲಕ್ಷ ಹಾಕುವುದು ತೂತು ಕೊಡಪಾನಕ್ಕೆ ನೀರು ತುಂಬಿದ ಹಾಗೆ. ಜಾಸ್ತಿ ಹುಡುಗರು ಬರುತ್ತಾರೆ, ಜಾಸ್ತಿ ಸ್ಕ್ರೀನ್‌ಶಾಟ್ ಹೋಗುತ್ತದೆ.

ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್‌ಶಾಟ್ ತಡೆಯಲು ಒಂದು ಸಾಲು ಕೋಡ್ ಸಾಕು. ಬ್ಯಾಂಕಿನ ಆಪ್‌ಗಳು ಮಾಡುವುದು ಅದನ್ನೇ. ಇನ್ನೊಂದು ಫೋನಿನಿಂದ ಫೋಟೋ ತೆಗೆದರೆ ತಡೆಯಲು ಆಗುವುದಿಲ್ಲ, ನಿಜ. ಆದರೆ ಅಷ್ಟು ಕಷ್ಟಪಡುವವರು ಕಡಿಮೆ. ಫೋನಿನಲ್ಲಿ ನಂಬರು ಇರುವವರಿಗೆ ನಮ್ಮ ಮುಖ ಕಾಣದ ಹಾಗೆ ಮಾಡುವುದನ್ನು ಟಿಂಡರ್ 2021ರಲ್ಲೇ ತಂದಿದೆ. ನಿಮಗೆ ಅದು ಮೊದಲ ದಿನವೇ ಇರಬೇಕಿತ್ತು.

ಹಲಸಿನ ಹಪ್ಪಳ · ಬುಧವಾರ, ಬೆಳಿಗ್ಗೆ 8:05

ಮಾವನ ನಂಬರು ನನ್ನ ಫೋನಿನಲ್ಲಿ ಉಂಟು. ಮಾವನ ಅಂಗಡಿಯ ಎದುರಿನ ಹುಡುಗನ ನಂಬರು ಇಲ್ಲವಲ್ಲ?

ಮತ್ತೆ, ಗುರುತು ಖಚಿತ ಮಾಡುವ ನೆಪದಲ್ಲಿ ಆಧಾರ್ ಕೇಳಬೇಡಿ ದಯವಿಟ್ಟು. ಅಮೆರಿಕದಲ್ಲಿ ಟೀ ಅನ್ನುವ ಆಪ್ ಹೆಂಗಸರ ಸುರಕ್ಷತೆಗೆ ಅಂತಲೇ ಮಾಡಿದ್ದು. 2025ರ ಜುಲೈನಲ್ಲಿ ಅದರಿಂದ ಸುಮಾರು 72,000 ಫೋಟೋ ಸೋರಿತು. ಗುರುತು ತೋರಿಸಲು ಕೊಟ್ಟ ಸೆಲ್ಫಿ, ಕಾರ್ಡುಗಳೂ ಅದರಲ್ಲಿ ಇದ್ದವು.

ಲೆಕ್ಕದ ಪುಸ್ತಕ · ಬುಧವಾರ, ಬೆಳಿಗ್ಗೆ 10:30

ಇದಕ್ಕೆ ಕಾನೂನಿನ ಮುಖವೂ ಉಂಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ, ಜನರ ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ ದಂಡ 250 ಕೋಟಿಯವರೆಗೆ. ನಿಮ್ಮಂಥವರಿಗೆ ಅಷ್ಟು ಹಾಕಲಿಕ್ಕಿಲ್ಲ. ಆದರೆ ಹೂಡಿಕೆಯ ಒಪ್ಪಂದದಲ್ಲಿ "ಯಾವ ದೂರೂ ಬಾಕಿ ಇಲ್ಲ" ಅಂತ ನೀವು ಸಹಿ ಹಾಕುವ ಸಾಲು ಇರುತ್ತದೆ. ಹನ್ನೊಂದು ದೂರು ಮುಚ್ಚಿಟ್ಟು ಅಲ್ಲಿ ಸಹಿ ಹಾಕಿದರೆ ನಾಳೆ ಅದು ನಿಮ್ಮ ಕುತ್ತಿಗೆಗೇ.

ಮಾಹಿತಿ ಯಾರ ಕೈಗೆ ಹೋಗುತ್ತದೆ ಅನ್ನುವುದೂ ಸಣ್ಣ ವಿಷಯ ಅಲ್ಲ. ಸಲಿಂಗಿಗಳ ಡೇಟಿಂಗ್ ಆಪ್ ಗ್ರೈಂಡರ್‌ನ 60 ಪರ್ಸೆಂಟನ್ನು 2016ರಲ್ಲಿ ಚೀನಾದ ಕಂಪನಿ 9.3 ಕೋಟಿ ಡಾಲರಿಗೆ ಕೊಂಡಿತು. ಆಮೇಲೆ ಪೂರ್ತಿಯನ್ನೂ. ಜನರ ಅಷ್ಟು ಖಾಸಗಿ ಮಾಹಿತಿ ಅಲ್ಲಿರುವುದು ಬೇಡ ಅಂತ ಅಮೆರಿಕದ ಸರ್ಕಾರ ಹಟ ಹಿಡಿಯಿತು. 2020ರಲ್ಲಿ ಮಾರಿಸಿತು.

ನಮ್ಮ ಕೇರಳದ್ದೇ ಉದಾಹರಣೆ ಬೇಕಾದರೆ, ಸ್ಪೆಷಲ್ ಮ್ಯಾರೇಜ್ ಕಾಯ್ದೆಯಲ್ಲಿ ಮದುವೆಗೆ 30 ದಿನ ಮೊದಲು ನೋಟಿಸ್ ಹಾಕಬೇಕು. ಅದನ್ನು ಇಲ್ಲಿ ಸರ್ಕಾರದ ವೆಬ್‌ಸೈಟಿನಲ್ಲೂ ಹಾಕುತ್ತಿದ್ದರು, ಫೋಟೋ ವಿಳಾಸ ಸಮೇತ. ಬೇರೆ ಬೇರೆ ಧರ್ಮದ ಜೋಡಿಗಳ ನೋಟಿಸನ್ನು ಯಾರ್ಯಾರೋ ಇಳಿಸಿಕೊಂಡು ವಾಟ್ಸಾಪ್‌ನಲ್ಲಿ ಹಂಚಲು ಶುರು ಮಾಡಿದರು. 2020ರಲ್ಲಿ ವೆಬ್‌ಸೈಟಿಗೆ ಹಾಕುವುದನ್ನು ನಿಲ್ಲಿಸಿದರು. ನಿಮ್ಮ ಸಮಸ್ಯೆಯೂ ಅದೇ ದಾರಿಯದ್ದು.

ಮೂರು ಎಕರೆ ತೋಟ · ಬುಧವಾರ, ರಾತ್ರಿ 9:40

ಹಪ್ಪಳ ಅಕ್ಕ ಬರೆದದ್ದು ಓದಿ ಮನಸ್ಸಿಗೆ ಒಂಥರಾ ಆಯಿತು. ಹುಡುಗಿಯರು ಸಿಗುವುದಿಲ್ಲ ಅಂತ ನಾನು ಊರಿಡೀ ಹೇಳಿಕೊಂಡು ಬರುತ್ತಿದ್ದೆ. ನಮ್ಮ ಹುಡುಗರ ಒಂದು ಗುಂಪು ಉಂಟು ವಾಟ್ಸಾಪ್‌ನಲ್ಲಿ. ಅದರಲ್ಲೂ ಆಪ್‌ನ ಸ್ಕ್ರೀನ್‌ಶಾಟ್ ಬರುತ್ತಿತ್ತು. "ಇವಳು ಯಾರ ಮಗಳು" ಅಂತ. ನಾನು ಕಳಿಸಿಲ್ಲ, ಆದರೆ ನೋಡಿದ್ದೇನೆ. ಒಂದೆರಡು ಸಲ ಉತ್ತರವನ್ನೂ ಹೇಳಿದ್ದೇನೆ.

ತಲಪಾಡಿ ದಾಟಿ · ಬುಧವಾರ, ರಾತ್ರಿ 10:15

ಇವತ್ತು ಜೋಕ್ ಇಲ್ಲ.

ನೀರ್ಚಾಲಿನವ · ಮುಂದಿನ ಗುರುವಾರ, ರಾತ್ರಿ 8:20

ಎಂಟು ದಿನದ ಸುದ್ದಿ ಹೇಳುತ್ತೇನೆ.

ಹೂಡಿಕೆದಾರರಿಗೆ ಫೋನ್ ಮಾಡಿದೆ. ಹನ್ನೊಂದು ದೂರಿನ ವಿಷಯ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಅದು ಎಲ್ಲ ಆಪ್‌ನಲ್ಲೂ ಇರುವುದೇ, ಬೆಂಗಳೂರಿಗೆ ಬಂದರೆ ತಾನಾಗಿ ಕಡಿಮೆಯಾಗುತ್ತದೆ" ಅಂದರು. ಅವರು ಹೇಳಿದ್ದು ಸುಳ್ಳಲ್ಲ, ಬೆಂಗಳೂರಿನಲ್ಲಿ ಕಡಿಮೆಯಾಗಬಹುದು. ಆದರೆ ಆಗ ನಾವು ನೀರ್ಚಾಲಿಗೆ ಮಾಡಿದ ಆಪ್ ಆಗಿರುವುದಿಲ್ಲ. "ಪಾರ್ಟಿಸಿಪೇಟಿಂಗ್" ತೆಗೆಯುತ್ತೀರಾ ಅಂತಲೂ ಕೇಳಿದೆ. ಲೆಕ್ಕದ ಅಕ್ಕ ಹೇಳಿದ ಹಾಗೆ, ಕೂಡಲೇ ತೆಗೆಯುತ್ತೇನೆ ಅಂದರು! ಊರು ಬಿಡುವ ಷರತ್ತನ್ನು ಮಾತ್ರ ಬಿಡಲಿಲ್ಲ. ನಾನು ಸಹಿ ಹಾಕಲಿಲ್ಲ. ಆರು ತಿಂಗಳು ಬಿಟ್ಟು ಮಾತಾಡೋಣ ಅಂತ ಇಟ್ಟೆವು. ಅಪ್ಪ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಸ್ಕ್ರೀನ್‌ಶಾಟ್ ನಿಲ್ಲಿಸಿದ್ದೇವೆ. ಹುಡುಗಿಯರ ಫೋಟೋ ಇನ್ನು ಮೇಲೆ ಮಸುಕು, ಅವರು ಒಪ್ಪಿದವರಿಗೆ ಮಾತ್ರ ಕಾಣುತ್ತದೆ. ಊರಿನ ಹೆಸರು ತೆಗೆದು ದೂರ ಮಾತ್ರ ತೋರಿಸುತ್ತೇವೆ. ಹುಡುಗಿ ಬೇಕಾದರೆ ತನ್ನ ಪಂಚಾಯತಿನವರಿಗೆ ಯಾರಿಗೂ ಕಾಣದ ಹಾಗೆ ಇರಬಹುದು. ಮಾವನ ಅಂಗಡಿಯ ಎದುರಿನವನಿಗೆ ಇದೇ ಮದ್ದು. ಮೊನ್ನೆಯಿಂದ 140 ಹುಡುಗರು ಬಿಟ್ಟು ಹೋದರು, "ಮುಖ ಕಾಣದಿದ್ದರೆ ಎಂತಕ್ಕೆ" ಅಂತ. ದುಡ್ಡು ಕೊಡುವ 41ರಲ್ಲಿ ಈಗ 29 ಉಳಿದಿದ್ದಾರೆ. ಸರ್ವರ್ ಬಾಡಿಗೆಗೆ ಇನ್ನು ಕೈಯಿಂದ ಹಾಕಬೇಕು. ಸೀಡ್ ಫಂಡ್ ಅರ್ಜಿ ಬರೆಯುತ್ತಿದ್ದೇನೆ.

ಅಜ್ಜನ ಪ್ರಶ್ನೆಗೆ: ತಿಂಗಳ ದುಡ್ಡು ನಿಲ್ಲಿಸಿ, ನಿಶ್ಚಯವಾದರೆ ಮಾತ್ರ 5,000 ತೆಗೆದುಕೊಳ್ಳೋಣವಾ ಅಂತ ಯೋಚನೆ ಇದೆ. ಆದರೆ ಸಂಬಂಧ ಕೂಡಿದ ಮೇಲೆ ಇಬ್ಬರೂ ಆಪ್ ಡಿಲೀಟ್ ಮಾಡಿ ಹೋದರೆ ನಮಗೆ ಹೇಗೆ ಗೊತ್ತಾಗುವುದು?

ಸಂಬಂಧ ಕೂಡಿಸುವವ · ಗುರುವಾರ, ರಾತ್ರಿ 8:45

ಮದುವೆ ಕಾಗದ ಬರುತ್ತದಲ್ಲ ಮಾರಾಯ. ಈ ಊರಲ್ಲಿ ಊಟ ಹಾಕದೆ ಯಾರು ಮದುವೆ ಆಗುತ್ತಾರೆ?

ಬರಿಯ ವಿಷಯಕ್ಕೆ ನೀನು ಉತ್ತರ ಹೇಳಲಿಲ್ಲ.

ನೀರ್ಚಾಲಿನವ · ಗುರುವಾರ, ರಾತ್ರಿ 8:52

ಅದನ್ನು ಅವರವರೇ ಮೊದಲ ವಾರ ಕೇಳಿಕೊಳ್ಳಲಿ ಅಜ್ಜ. ಆಪ್ ಕೇಳುವುದಿಲ್ಲ.

ಹಲಸಿನ ಹಪ್ಪಳ · ಗುರುವಾರ, ರಾತ್ರಿ 10:30

ನನ್ನ ಹಳೆಯ ಫೋಟೋಗಳು ನಿಮ್ಮ ಸರ್ವರಿನಲ್ಲಿ ಇನ್ನೂ ಇವೆಯಾ?

ನೀರ್ಚಾಲಿನವ · ಗುರುವಾರ, ರಾತ್ರಿ 10:34

ಬಿಟ್ಟು ಹೋದ ಎಲ್ಲರದ್ದೂ ನಿನ್ನೆ ತೆಗೆದೆ. ಬ್ಯಾಕಪ್‌ನಲ್ಲಿ ಉಂಟು. ಅದು 30 ದಿನಕ್ಕೆ ತಾನಾಗಿ ಅಳಿಸಿ ಹೋಗುತ್ತದೆ.

ಹಲಸಿನ ಹಪ್ಪಳ · ಗುರುವಾರ, ರಾತ್ರಿ 10:36

31ನೇ ದಿನ ಇಲ್ಲೇ ಬಂದು ಕೇಳುತ್ತೇನೆ.